ಶಾಂತಲೆಗೆ ಹೊಟ್ಟೆಕಿಚ್ಚು ಬೇಡವೇ?

ಶಾಂತಲೆಯ ಗೆಜ್ಜೆ, ಬಳುಕು, ಬೆಳದಿಂಗಳನ್ನೆಲ್ಲ ಕನ್ನಡಿಗರ ಮನಸ್ಸಿಗೆ ಹತ್ತಿಸಿದವರು ಒಬ್ಬ ಗರಡಿ ಮನುಷ್ಯ. ‘ಶಾಂತಲಾ’ ಓದಿ ಕಣ್ಣೀರಿಟ್ಟ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ನಮ್ಮ ಸುಲ್ತಾನ್‌ಪೇಟೆಯಿಂದ ಹೊರಟು ಮಾರ್ಕೆಟ್ಟಿನ ನೂಕುನುಗ್ಗಲು ದಾಟಿ ಟೌನ್‌ಹಾಲ್ ಕಡೆ ನಡೆದರೆ ಜೆ.ಸಿ. ರಸ್ತೆ. ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇದ್ದದ್ದು ಅಲ್ಲಿ, ಹರ್ಕ್ಯುಲಿಸ್ ಜಿಮ್ನೇಷಿಯಂ ಎಂಬ ಹೆಸರಿನಲ್ಲಿ. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸಿಕ್’ ಎಂದು ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು, ಅಂಚೆಯಲ್ಲೇ ಪಾಠ ಕಳಿಸಿ ದೂರದೂರದವರ ಮೈ ಬೆಳೆಸಿದವರು. ಲಂಗೋಟಿ ಕಟ್ಟಿ ನಿಂತ ಅವರ ಫೋಟೊಗಳನ್ನು ನೋಡಿದರೆ ಈ ತೋಳು ಡಂಬೆಲ್ಲು ಬಿಟ್ಟು ಪೆನ್ನು ಯಾವಾಗ ಹಿಡಿಯಿತೋ ಅನ್ನಿಸುತ್ತದೆ. ನಾಟಕಕಾರ ಟಿ.ಪಿ. ಕೈಲಾಸಂ ಅವರ ಸಹವಾಸದ ಗುಣ ಇದ್ದೀತು. ಅಂತೂ ಈ ಪೈಲ್ವಾನರು ಬರೆದದ್ದು ಕುಸ್ತಿಯ ಕಥೆಯಲ್ಲ, ಒಬ್ಬ ಹೊಯ್ಸಳ ರಾಣಿಯ ಪ್ರೇಮಕಥೆ.

ನಾನು ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕನ್ನಡದ ಪ್ರೂಫ್ ನೋಡುವವಳು. ಇಲ್ಲಿ ಅಕ್ಕಪಕ್ಕ, ಎದುರು, ಮಹಡಿಯ ಮೇಲೆ ಎಲ್ಲಾ ಪತ್ರಿಕೆ ಅಂಗಡಿಗಳೇ. ಆಷಾಢ ಬಂತೆಂದರೆ ಗಿರಾಕಿಗಳು ಇತ್ತ ಸುಳಿಯುವುದಿಲ್ಲ. ಸೇಟು ಹಳೆಯ ಸ್ಯಾಂಪಲ್ಲುಗಳ ಧೂಳು ಹೊಡೆಸುತ್ತಾರೆ, ನಾನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಕಾದಂಬರಿಗಳನ್ನು ಬಿಚ್ಚುತ್ತೇನೆ. ಈ ಸಲ ರಾಜರಾಣಿಯರದ್ದೇ ಸರದಿ: ಅಯ್ಯರ್ ಅವರ ‘ಶಾಂತಲಾ’, ತ.ರಾ.ಸು. ಅವರ ‘ಹಂಸಗೀತೆ’, ‘ದುರ್ಗಾಸ್ತಮಾನ’, ಮಾಸ್ತಿಯವರ ‘ಚೆನ್ನಬಸವನಾಯಕ’. ‘ಶಾಂತಲಾ’ದ ಮೊದಲ ಪುಟದಲ್ಲಿ ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯ ಠಸ್ಸೆ, ಅಂಚಿನಲ್ಲಿ ನೀಲಿ ಶಾಯಿಯಲ್ಲಿ ‘ಆಹಾ!’ ಎಂಬ ಉದ್ಗಾರ. ಓದಿದ ಯಾವ ಹೆಂಗಸೋ ಪಾಪ.

ನಮ್ಮಮ್ಮನೂ ಹೀಗೆ ಆಹಾ ಅಂದವಳೇ. ಚಾಮರಾಜಪೇಟೆಯಲ್ಲಿದ್ದಾಗ ಬಾಡಿಗೆಗೆ ತಂದ ‘ಶಾಂತಲಾ’ವನ್ನು ಒಲೆಯ ಮುಂದೆ ಕೂತು ಮುಗಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಹೆಣ್ಣು ಅಂದ್ರೆ ಹೀಗಿರ್ಬೇಕು ಕಣೇ” ಅಂದಿದ್ದಳು. ಅದೇ ಅಮ್ಮ ಓರಗಿತ್ತಿಗೆ ಜರಿ ಎರಡಂಗುಲ ಅಗಲ ಇರುವ ಸೀರೆ ಬಂತೆಂದು ಒಂದು ಯುಗಾದಿಯಿಡೀ ಮುಖ ಊದಿಸಿಕೊಂಡಿದ್ದವಳು. ಬರೀ ಸೀರೆಗೇ ಇಷ್ಟಾದರೆ ಸವತಿಗೆ? ಕಾದಂಬರಿಯ ಶಾಂತಲೆಗೆ ಮಾತ್ರ ಸವತಿಯೂ ಗೆಳತಿ. ಗಂಡನನ್ನು ಹಂಚಿಕೊಳ್ಳುತ್ತಾಳೆ, ನಗುತ್ತಾಳೆ, ಕೊನೆಗೆ ತಾನೇ ದಾರಿ ಬಿಡುತ್ತಾಳೆ. ಅಯ್ಯರ್ ಅವರ ಗದ್ಯ ಎಷ್ಟು ಚಂದವೆಂದರೆ ಓದುವಾಗ ಈ ಅನ್ಯಾಯ ಕಾಣಿಸುವುದೇ ಇಲ್ಲ. ಪುಸ್ತಕ ಮಡಿಸಿಟ್ಟು ಕಾಫಿ ಕುಡಿಯುವಾಗ ಸಿಟ್ಟು ಬರುತ್ತದೆ.

ಸಿಟ್ಟಿಗೆ ಕಾರಣ ಶ್ರವಣಬೆಳಗೊಳದಲ್ಲಿದೆ. ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಶಾಂತಲೆ ತಾನೇ ಕಟ್ಟಿಸಿದ ಬಸದಿ. ಅದರ ಹೆಸರು ಸವತಿಗಂಧವಾರಣ ಬಸದಿ. ಬಸದಿಗೆ ಹೆಸರು ಬಂದದ್ದು ರಾಣಿಯ ಬಿರುದಿನಿಂದ. ಸವತಿಯರ ಪಾಲಿಗೆ ಮದವೇರಿದ ಆನೆ ಎಂದು ಶಾಸನಗಳಲ್ಲಿ ಕೊಚ್ಚಿಕೊಂಡ ಹೆಣ್ಣು ಅವಳು! ಹೊಗಳುಭಟ್ಟರ ಮಾತು, ಅಕ್ಷರಶಃ ನಂಬಬಾರದು ಅನ್ನುವಿರಿ. ಇರಲಿ. ಆದರೆ ರಾಣಿಗೆ ಇಷ್ಟವಿಲ್ಲದ ಬಿರುದನ್ನು ಅವಳ ಬಸದಿಗೇ ಅಂಟಿಸುವ ಧೈರ್ಯ ಯಾವ ಭಟ್ಟನಿಗಿತ್ತು? ಕಲ್ಲಿನ ಶಾಂತಲೆಗೆ ಹೊಟ್ಟೆಕಿಚ್ಚು ಒಂದು ಆಭರಣ. ಕಾಗದದ ಶಾಂತಲೆಯಿಂದ ಅದನ್ನು ನಮ್ಮವರು ಕಳಚಿಟ್ಟುಬಿಟ್ಟರು.

ಸಾವಿನ ವಿಷಯವೂ ಅಷ್ಟೆ. ಶಿವಗಂಗೆಯ ತುದಿಯಲ್ಲಿ ‘ಶಾಂತಲಾ ಡ್ರಾಪ್’ ಎಂದು ಜಾಗ ತೋರಿಸುತ್ತಾರೆ. ಹುಡುಗರು ಅಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳೆಂದು ಬೆಳಗೊಳದ ಶಾಸನ ಹೇಳುತ್ತದೆ, ಹಾರಿದಳೆಂದು ಹೇಳುವುದಿಲ್ಲ. ಅದು ಹೇಳುವ ಇನ್ನೊಂದು ಸಂಗತಿ ಯಾವ ಕಾದಂಬರಿಯ ಕೊನೆಗೂ ಕಡಿಮೆಯಲ್ಲ. ಮಗಳು ಹೋದ ಸುದ್ದಿ ಕೇಳಿ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು. ಪ್ರೇಮವೆಂದರೆ ಗಂಡುಹೆಣ್ಣಿನದ್ದೇ ಆಗಬೇಕೆಂಬ ಹಟ ನಮ್ಮ ಕಾದಂಬರಿಕಾರರಿಗೆ ಇಲ್ಲದಿದ್ದರೆ ಈ ತಾಯಿಗೆ ಎಷ್ಟು ಪುಟ ಸಿಗಬೇಕಿತ್ತು!

ಈ ತ್ಯಾಗದ ಗೀಳು ಹೊಯ್ಸಳರದ್ದಲ್ಲ ಎಂಬುದು ನನ್ನ ಅನುಮಾನ. ಸ್ಕಾಟ್‌ಲೆಂಡಿನ ವಾಲ್ಟರ್ ಸ್ಕಾಟ್ ಬರೆದ ‘ಐವನ್‌ಹೋ’ದ ಕೊನೆಯಲ್ಲಿ ಸೋತ ಹೆಣ್ಣು ರೆಬೆಕ್ಕಾ ತನ್ನ ಒಡವೆಪೆಟ್ಟಿಗೆಯನ್ನು ಗೆದ್ದ ಹೆಣ್ಣಿನ ಕೈಗಿಟ್ಟು ಹೊರಟುಹೋಗುತ್ತಾಳೆ. 1865ರಲ್ಲಿ ಬಂದ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯಲ್ಲೂ ಆಯೇಷಾ ತನ್ನ ಒಡವೆಗಳನ್ನು ತಿಲೋತ್ತಮೆಗೆ ತೊಡಿಸಿ ಹೋಗುತ್ತಾಳೆ. ಅದನ್ನು ಬರೆಯುವಾಗ ‘ಐವನ್‌ಹೋ’ ಓದಿರಲಿಲ್ಲವೆಂದು ಬಂಕಿಮರು ಹೇಳಿದ್ದರಂತೆ; ದೊಡ್ಡವರ ಮಾತು, ನಂಬೋಣ. ಆಮೇಲೆ ನಮ್ಮ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು, ಮೈಸೂರು ಸೀಮೆಯ ಮುನ್ಸೀಫಿಕೆಯ ನಡುವೆಯೇ ಬಂಕಿಮರನ್ನು ಕನ್ನಡಕ್ಕೆ ತಂದರು. ಹೀಗೆ ಆ ಒಡವೆಪೆಟ್ಟಿಗೆ ಕೈಯಿಂದ ಕೈಗೆ ಬಂದು ನಮ್ಮ ನಾಯಕಿಯರ ಮಡಿಲು ಸೇರಿತು. ಚಿಕ್ಕಪೇಟೆಯ ಒಡವೆ ಅಂಗಡಿಗಳ ಮುಂದೆ ದಿನಾ ಓಡಾಡುವವಳು ನಾನು. ಒಡವೆಯನ್ನು ಇನ್ನೊಬ್ಬಳಿಗೆ ಕೊಟ್ಟು ನಗುತ್ತ ಹೊರಟ ಹೆಂಗಸನ್ನು ಇನ್ನೂ ಕಂಡಿಲ್ಲ.

ಹಾಗಂತ ಪೂರ್ತಿ ಸೀಮೆಯಾಚೆಯ ಮಾಲು ಅನ್ನುವಂತೆಯೂ ಇಲ್ಲ. ಬೆಂಗಳೂರಿನ ಕೋಟೆಯ ಬಾಗಿಲು ನಿಲ್ಲದೆ ಕುಸಿಯುತ್ತಿತ್ತಂತೆ, ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ತನ್ನನ್ನೇ ಬಲಿ ಕೊಟ್ಟುಕೊಂಡಳಂತೆ. ಕೋರಮಂಗಲದಲ್ಲಿ ಅವಳ ಸಮಾಧಿ ಇದೆ. ಜನಪದ ಹಾಡಿನಲ್ಲಿ ಕೆರೆಗೆ ನೀರು ಬರಲಿಲ್ಲವೆಂದರೂ ಸೊಸೆ, ಇಲ್ಲಿ ಬಾಗಿಲು ನಿಲ್ಲಲಿಲ್ಲವೆಂದರೂ ಸೊಸೆ. ಬಂಕಿಮರು ಬಿತ್ತಿದ್ದು ಇಲ್ಲಿ ಮೊಳೆಯುವುದಕ್ಕೆ ನೆಲ ಹದವಾಗಿತ್ತು.

ತ.ರಾ.ಸು. ಅವರ ತ್ಯಾಗ ಬೇರೆ ಬಗೆಯದು. 1952ರ ‘ಹಂಸಗೀತೆ’ಯ ಸಂಗೀತಗಾರ ಸುಲ್ತಾನನ ಮುಂದೆ ಹಾಡುವ ಬದಲು ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಅಲ್ಲಿ ಪ್ರೇಯಸಿ ಯಾರೇ ಇರಲಿ, ನಿಜವಾದ ಪ್ರೇಯಸಿ ಭೈರವಿ ರಾಗ; ಹಾಗಾಗಿ ಕೊನೆ ಸುಳ್ಳೆನಿಸುವುದಿಲ್ಲ. ಹಿಂದಿಯವರು ಅದನ್ನೇ ‘ಬಸಂತ್ ಬಹಾರ್’ ಎಂದು ಸಿನಿಮಾ ಮಾಡಿದರು. ‘ದುರ್ಗಾಸ್ತಮಾನ’ದಲ್ಲಿ ಪ್ರೇಮ ಹುಡುಕಿಕೊಂಡು ಹೋದವರಿಗೆ ಬತೇರಿ, ಮದ್ದಿನ ಮನೆ, ಒಳಸಂಚುಗಳೇ ಸಿಕ್ಕುವುದು. ಆದರೂ ಕೈಬಿಡಲಾಗಲಿಲ್ಲ. 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಹೈದರನ ವಶವಾಯಿತು. ಎರಡು ವರ್ಷಕ್ಕೆ, 1781ರಲ್ಲಿ, ನಮ್ಮ ಪೇಟೆಯ ಪಕ್ಕದಲ್ಲೇ ಅವನ ಮರದ ಅರಮನೆಯ ಕೆಲಸ ಶುರುವಾಯಿತು, 1791ಕ್ಕೆ ಟಿಪ್ಪು ಮುಗಿಸಿದ. ಮಧ್ಯಾಹ್ನ ಡಬ್ಬಿ ತಿಂದು ಆ ಕಂಬಗಳ ನೆರಳಿನಲ್ಲಿ ಕೂತು ಮದಕರಿ ನಾಯಕನ ಸೋಲು ಓದಿದೆ. ಸೋತವನ ಪರ ಕಣ್ಣೀರು ಹಾಕಲು ಗೆದ್ದವನ ಜಗಲಿಯೇ ತಂಪು!

ನನಗೆ ಎಲ್ಲರಿಗಿಂತ ಹಿಡಿಸಿದವಳು ಮಾಸ್ತಿಯವರ ವೀರಮ್ಮಾಜಿ. ಬಿದನೂರಿನ ವಿಧವೆ ರಾಣಿ, ನಿಂಬಯ್ಯನ ಮೇಲೆ ಮನಸ್ಸಿಟ್ಟವಳು. ಅವಳದು ತಪ್ಪು ಇರಬಹುದು, ರಾಜ್ಯವೂ 1763ರಲ್ಲಿ ಹೈದರನ ಪಾಲಾಯಿತು. ಆದರೆ ಅವಳಿಗೆ ಏನೋ ಬೇಕಿತ್ತು, ಬೇಕೆಂದಳು. ಮಾಸ್ತಿ ಅವಳನ್ನು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಮನೆಯ ಹಿರಿಯರು ಜಗಲಿಯಲ್ಲಿ ಕೂತು ನೆಂಟರ ಮನೆಯ ಕಷ್ಟ ಹೇಳಿದ ಹಾಗೆ ಮೆಲ್ಲಗೆ ಹೇಳುತ್ತಾರೆ. ಈ ತೂಕದ ಕೈಗೆ ಶಾಂತಲೆ ಸಿಕ್ಕಿದ್ದರೆ ಆ ಬಿರುದು ಉಳಿಯುತ್ತಿತ್ತೋ ಏನೋ.

ಶ್ರಾವಣದ ಲಗ್ನಗಳಿಗೆ ಆಷಾಢದ ಕೊನೆಯಲ್ಲೇ ಆರ್ಡರು ಶುರು. ಈಗ ಎಲ್ಲರಿಗೂ ಸ್ಕ್ರೋಲ್ ಕಾರ್ಡ್ ಬೇಕು: ಮಖಮಲ್ಲಿನ ಡಬ್ಬಿ, ಒಳಗೆ ರಾಜರ ಓಲೆಯಂತೆ ಸುರುಳಿ, ತುದಿಗೆ ಕುಚ್ಚು. ಮೊನ್ನೆ ಒಬ್ಬ ಹುಡುಗಿ ಅಜ್ಜಿಯೊಡನೆ ಬಂದು, ಮೇಲೆ ಬೇಲೂರಿನ ದರ್ಪಣಸುಂದರಿಯ ಚಿತ್ರ ಹಾಕಿಕೊಡಿ ಅಂದಳು.

“ಅದು ಶಾಂತಲೆ ತಾನೇ ಆಂಟಿ? ಲವ್ ಸ್ಟೋರಿ ಅಲ್ವಾ ಅವ್ರದ್ದು?”

“ಹಾಗಂತಾರಮ್ಮ” ಅಂದು, ತಡೆಯಲಾರದೆ ಬಿರುದನ್ನೂ ಅರ್ಥವನ್ನೂ ಹೇಳಿಬಿಟ್ಟೆ.

ಹುಡುಗಿಯ ಕಣ್ಣು ಅರಳಿತು. “ಸೂಪರ್! ನನ್ನ ಹೆಸರಿನ ಕೆಳಗೆ ಅದನ್ನೇ ಹಾಕ್ಬಹುದಾ?”

“ಸುಮ್ನಿರೇ, ಬೀಗರು ಏನಂದ್ಕೋತಾರೆ” ಎಂದು ಅಜ್ಜಿ ಗದರಿದರು. ಹುಡುಗಿ ಫೋನ್ ತೆಗೆದು ಬಿರುದನ್ನು ಯಾರಿಗೋ ಟೈಪ್ ಮಾಡತೊಡಗಿದಳು, ಮದುವೆಯಾಗುವ ಹುಡುಗನಿಗೇ ಇರಬೇಕು. ಗಲ್ಲಾದಿಂದ ಸೇಟು ತಲೆ ಎತ್ತದೆ ಹೇಳಿದರು: “ಹಾಕ್ಸಿ, ಹಾಕ್ಸಿ. ಒಂದು ಲೈನ್ ಜಾಸ್ತಿಗೆ ಎಕ್ಸ್‌ಟ್ರಾ ಇಲ್ಲ.”