ಚಿಲಕ ಎತ್ತ ಕಡೆ?

ತಲೆಗೆ ಎಣ್ಣೆ ಹಚ್ಚಿಕೊಂಡು, ಹಳೇ ಸೀರೆಯುಟ್ಟು, ಕಾಲು ನೀಡಿ ಹತ್ತು ನಿಮಿಷ ಕೂರಲು ಹೆಂಗಸಿಗೆ ಒಂದು ಜಾಗ ಬೇಡವೇ, ನೀವೇ ಹೇಳಿ. ಮುಂದಿನ ಜಗಲಿ ಬಂದುಹೋಗುವವರದು. ನಡುಮನೆ ಟೀವಿಯದು. ಅಡುಗೆಮನೆ ನಮ್ಮದೆನ್ನುತ್ತಾರೆ, ಅಲ್ಲಿ ಕೂತವರನ್ನು ನಾನಂತೂ ಕಂಡಿಲ್ಲ.

ಸಾಗರದ ನಮ್ಮ ಮನೆಯ ಹಿತ್ತಲ ಬಾಗಿಲಾಚೆ ಕಲ್ಲುಚಪ್ಪಡಿ ಹಾಸಿದ ಸಣ್ಣ ಅಂಗಳವಿದೆ. ನನ್ನ ಪಾಲಿಗೆ ಅದೇ ಆ ಜಾಗವಾಗಿತ್ತು. ಹಿಂದಿನ ಖಾಲಿ ಸೈಟಿನಲ್ಲಿ ಬಾಡಿಗೆ ಮನೆಗಳೆದ್ದು, ಅವುಗಳ ದಾರಿ ನಮ್ಮ ಸೊಂಟದೆತ್ತರದ ಕಾಂಪೌಂಡಿಗೆ ತಾಗಿಕೊಂಡೇ ಬಂದ ಮೇಲೆ ಅದೂ ಹೋಯಿತು. ದಾರಿಯಲ್ಲಿ ಓಡಾಡುವವರು ಕೆಟ್ಟವರಲ್ಲ. ನಿಂತು, "ಏನಮ್ಮಾ, ಹಪ್ಪಳಾನಾ?" ಎಂದು ವಿಚಾರಿಸುವಷ್ಟು ಒಳ್ಳೆಯವರು. ಅದೇ ಕಷ್ಟ.

ಮರದ ಮರೆ ಕಟ್ಟಿಸೋಣ ಎಂದೆ. ಗೋಡೆಯನ್ನೇ ಎತ್ತರಿಸೋಣ ಎಂದರು ನಮ್ಮವರು. ಗೋಡೆಯಾದರೆ ಗಾಳಿ ಬಾರದು, ಮಳೆಗಾಲದಲ್ಲಿ ಪಾಚಿ ಬೇರೆ. ಅತ್ತೆ ಮಾತ್ರ ನಕ್ಕರು. "ನಾನು ಮದುವೆಯಾಗಿ ಬಂದಾಗ ಗಂಡಸರೆದುರು ಬರಬಾರದು ಅಂತ ಬಾಗಿಲ ಸಂದಿಯಲ್ಲೇ ಆಯಸ್ಸು ಕಳೆದೆ. ನೀನು ದುಡ್ಡು ಕೊಟ್ಟು ಮರೆ ತರ್ತೀಯಲ್ಲೇ!"

ಮಾತು ಚುಚ್ಚಿತು. ಜೈಪುರದ ಹವಾಮಹಲ್ ನೆನಪಾಯಿತು. 1799ರಲ್ಲಿ ಕಟ್ಟಿಸಿದ್ದು, 953 ಕಿಟಕಿಗಳಂತೆ. ರಾಣಿವಾಸದ ಹೆಂಗಸರು ಬೀದಿಯ ಮೆರವಣಿಗೆಯನ್ನು ಅವುಗಳ ಹಿಂದಿನಿಂದಲೇ ನೋಡಬೇಕಿತ್ತು. ಅಷ್ಟು ಕಿಟಕಿಗಳಿದ್ದೂ ಬೀದಿಯ ಕಡೆಗೆ ಒಂದು ಬಾಗಿಲಿಲ್ಲ! ನಮ್ಮ ಮರೆಗೆ ಬಾಗಿಲಿರಲೇಬೇಕು ಎಂದು ಆಗಲೇ ಗಟ್ಟಿಮಾಡಿಕೊಂಡೆ.

ಆಚಾರ್ರು ಬಂದು ಅಳತೆ ಹಿಡಿದರು. 12 ಅಡಿ ಉದ್ದ, 6 ಅಡಿ ಎತ್ತರ, ಅದರಲ್ಲಿ 3 ಅಡಿಯ ಬಾಗಿಲು. ಕಂಬಕ್ಕೆ ಹಳೇ ಮನೆ ಬಿಚ್ಚಿದಾಗ ಉಳಿದಿದ್ದ ಮತ್ತಿಮರ, ಪಟ್ಟಿಗಳಿಗೆ ಅಕೇಶಿಯಾ. ಕಂಬ ಹೂಳಲು ಅವರು ಒಪ್ಪಲಿಲ್ಲ. ಮರ ಕೊಳೆಯುವುದೂ ಗೆದ್ದಲು ಹತ್ತುವುದೂ ಮಣ್ಣು ತಾಗುವಲ್ಲೇ ತಾನೆ? ಕಾಂಕ್ರೀಟಿನಲ್ಲಿ ಕಬ್ಬಿಣದ ಪಟ್ಟಿ ನಿಲ್ಲಿಸಿ, ನೆಲದಿಂದ 2 ಇಂಚು ಮೇಲಕ್ಕೆ ಕಂಬವನ್ನು ಬೋಲ್ಟಿನಿಂದ ಬಿಗಿದರು. ಪಟ್ಟಿ ಹೊಡೆದ ರೀತಿ ನನಗೆ ಬಹಳ ಹಿಡಿಸಿತು. ಒಂದು ಚೌಕಟ್ಟಿನ ಒಳಮುಖಕ್ಕೆ, ಮುಂದಿನದು ಹೊರಮುಖಕ್ಕೆ, ಅಂಚಿನ ಮೇಲೆ ಅಂಚು ಒಂದಿಂಚು ಬರುವಂತೆ. ಗಾಳಿ ಬಳಸಿಕೊಂಡು ಒಳಗೆ ಬರುತ್ತದೆ, ಕಣ್ಣು ಹಾಗೆ ಬಳಸಲಾರದು. ಆಷಾಢದ ಗಾಳಿಗೆ ಇಡೀ ಹಲಗೆಯ ಹಾಗೆ ಎದೆಯೊಡ್ಡಿ ನಿಲ್ಲುವ ಪಾಡೂ ಇಲ್ಲ.

ಬಾಗಿಲು ಜೋತುಬೀಳದಿರಲೆಂದು ಹಿಂದೆ ಒಂದು ಓರೆ ಪಟ್ಟಿ: ಕೆಳಗಿನ ಬಿಜಾಗರಿಯ ಮೂಲೆಯಿಂದ ಮೇಲೆ ಚಿಲಕದ ಕಡೆಯ ಮೂಲೆಗೆ. ಮಳೆಗೆ ಮರ ಉಬ್ಬುತ್ತದೆಂದು ಬಾಗಿಲಿಗೂ ಕಂಬಕ್ಕೂ ನಡುವೆ ಅರ್ಧ ಇಂಚು ಬಿಟ್ಟರು. ಕೊನೆಗೆ ಎಲ್ಲಕ್ಕೂ ಗೇರೆಣ್ಣೆ. ನೀವೂ ಬಳಿಸುವುದಾದರೆ ಮಕ್ಕಳನ್ನು ದೂರವಿಡಿ. ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

"ಚಿಲಕ ಎತ್ತ ಕಡೆಗಮ್ಮಾ?" ಎಂದು ಆಚಾರ್ರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಒಳಗಡೆಗೇ ಹಾಕಿ."

ಹಿತ್ತಲಿನಿಂದಲೇ ಬಂದು ಹೋಗುತ್ತಿದ್ದ ಪಕ್ಕದ ಮನೆಯ ಅಕ್ಕನಿಗೆ ಮೊದಲು ಮುನಿಸಾಯಿತು. "ನಮಗೂ ಬಾಗಿಲು ಹಾಕಿದ್ಯೇನೇ?" ಎಂದು ಎರಡು ದಿನ ಇತ್ತ ಸುಳಿಯಲಿಲ್ಲ. ಮೂರನೆಯ ದಿನ ಪತ್ರೊಡೆ ತುಂಬಿದ ಡಬ್ಬಿ ಹಿಡಿದು ನಾನೇ ಆ ಬಾಗಿಲಿನಿಂದ ಆಚೆಗೆ ಹೋದೆ.

ಈಗ ಹಲಸಿನ ಕಾಲ. ಸೀರೆಯನ್ನು ಮೊಣಕಾಲಿಗೆತ್ತಿ, ಕೈಗೆಲ್ಲ ಎಣ್ಣೆ ಬಳಿದುಕೊಂಡು ಅತ್ತೆ ಅಲ್ಲಿ ಸೊಳೆ ಬಿಡಿಸಲು ಕೂರುತ್ತಾರೆ. ಬಾಗಿಲು ತಟ್ಟಿದರೆ "ಯಾರು?" ಎನ್ನುತ್ತಾರೆ. ಅಕ್ಕನಾದರೆ "ತೆಗೆಯೇ" ಎಂದು ನನಗೆ ಅಪ್ಪಣೆ. ಬೇರೆ ಯಾರೇ ಆಗಲಿ, "ಮುಂಬಾಗಿಲಿಗೆ ಬನ್ನಿ" ಎಂದು ಕೂತಲ್ಲಿಂದಲೇ ಹೇಳಿ ಮುಂದಿನ ಸೊಳೆಗೆ ಕೈ ಹಾಕುತ್ತಾರೆ.