ಟವರೂ ನನ್ನ ಬಳೆಯೂ

ನಮ್ಮ ಶಾಲೆಯ ಹಿಂದೆ ಹೊಸ ಟವರ್ ಎದ್ದ ವಾರವೇ ತಂಗಿಯ ಮಗ ಬೆಂಗಳೂರಿನಿಂದ ಬಂದ. "ದೊಡ್ಡಮ್ಮ, ಮೊಬೈಲ್ ಕಂಪನಿಗಳಲ್ಲಿ ಯಾವುದು ಗೆಲ್ಲುತ್ತೋ ಯಾರಿಗೆ ಗೊತ್ತು? ಆದರೆ ಎಲ್ಲರಿಗೂ ಯಂತ್ರ ಬೇಕೇ ಬೇಕಲ್ಲ. ಯಂತ್ರ ಮಾಡುವವರ ಷೇರು ತಗೊಳ್ಳಿ" ಎಂದ. ನನ್ನ ನಿವೃತ್ತಿಗೆ ಇನ್ನು ಮೂರೇ ವರ್ಷ. ಕೂಡಿಟ್ಟದ್ದೆಷ್ಟು ಎಂಬುದು ಅವನಿಗೂ ಗೊತ್ತು.

2000ದ ಇಸವಿಯಲ್ಲಿ ನಮ್ಮ ಯಜಮಾನರೂ ಇದೇ ಮಾತು ಹೇಳಿದ್ದರು. ನನ್ನ ಎರಡು ಬಳೆ ಮಾರಿ, ಟೆಲಿಫೋನ್ ಕೇಬಲ್ ತಯಾರಿಸುವ ಒಂದು ಕಂಪನಿಯ ಷೇರು ಕೊಂಡೆವು. ಅವರ ಊಹೆಯೇನೂ ಸುಳ್ಳಾಗಲಿಲ್ಲ. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದ ದೇಶದಲ್ಲಿ ಈಗ ಸಂಪರ್ಕಗಳು ನೂರು ಕೋಟಿ ದಾಟಿವೆ. ನಮ್ಮ ಷೇರು ಪತ್ರ ಮಾತ್ರ ಬೀರುವಿನಲ್ಲಿ ಧಾರೆ ಸೀರೆಯ ಅಡಿ ಸೇರಿತು.

ಇದು ಹೇಗಾಯಿತೆಂದು ನನಗೆ ತಿಳಿದದ್ದು ಪತ್ರಿಕೆಯಿಂದಲ್ಲ, ನಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಯಿಂದ. ಊರಿನಲ್ಲಿ ಮಕ್ಕಳು ಹೆಚ್ಚಿದಂತೆಲ್ಲ ಆತ ಸೊರಗುತ್ತಿದ್ದ! ಅವನಿಗಿದ್ದ ಗಿರಾಕಿಗಳು ಮೂರೇ ಶಾಲೆ. ಜೂನ್‌ನಲ್ಲಿ ರಾತ್ರಿಯಿಡೀ ಮಿಷನ್ ತುಳಿಯಬೇಕು. ದರ ಹೇಳುವುದು ಆಡಳಿತ ಮಂಡಳಿ, ದುಡ್ಡು ಬರುವುದು ದೀಪಾವಳಿಗೆ. ಅಷ್ಟರವರೆಗೆ ಬಟ್ಟೆ ಸಾಲದ ಬಡ್ಡಿ ಅವನದು. (ನಾನೂ ಆ ಮಂಡಳಿಯ ಮುಂದೆ ಒಮ್ಮೆಯೂ ಅವನ ಪರ ಬಾಯಿಬಿಡಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ.)

ಯಂತ್ರದವರ ಪಾಡೂ ಹೆಚ್ಚುಕಡಿಮೆ ಹೀಗೆಯೇ. 2004ರಲ್ಲಿ ಭಾರ್ತಿಯವರು ಎರಿಕ್ಸನ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಯಂತ್ರ ತಂದಿಟ್ಟದ್ದಕ್ಕಲ್ಲ, ಬಳಸಿದ ಸಾಮರ್ಥ್ಯಕ್ಕೆ ಹಣ. 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದು ಮಾಡಿತು, ಕೊಳ್ಳುವವರೇ ಕಡಿಮೆಯಾದರು. ಈಗ ದೊಡ್ಡ ಗಿರಾಕಿಗಳೆಂದರೆ ಖಾಸಗಿಯವರು ಮೂವರು, ಜೊತೆಗೆ ಬಿಎಸ್‌ಎನ್‌ಎಲ್. 2022ರ ಅಕ್ಟೋಬರಿನಲ್ಲಿ 5ಜಿ ಬಂದಾಗ ಆರ್ಡರುಗಳು ರಾಶಿ ಬಿದ್ದವು. ಕೂಡಿಸಿ ಮುಗಿದ ಮೇಲೆ? ಮುಂದಿನ 'ಜಿ' ಹುಟ್ಟುವ ತನಕ ಕಾಯಬೇಕು.

"ಈಗ ಸ್ವದೇಶಿ ಕಾಲ ದೊಡ್ಡಮ್ಮ. ಬಿಎಸ್‌ಎನ್‌ಎಲ್‌ನ 4ಜಿಗೆ ನಮ್ಮ ಬೆಂಗಳೂರಿನ ತೇಜಸ್‌ನವರೇ ಯಂತ್ರ ಕೊಟ್ಟಿದ್ದಾರೆ" ಎಂದ. ಕೇಳಿ ನನಗೂ ಹೆಮ್ಮೆಯೆನಿಸಿತು.

"ಸರಿಯಪ್ಪ. ನೀನು ಹೇಳುವ ಕಂಪನಿ ಮಾಲು ಕೊಟ್ಟ ಎಷ್ಟು ದಿನಕ್ಕೆ ಕೈಗೆ ದುಡ್ಡು ಬರುತ್ತೆ, ಇನ್ನೂ ಬರಬೇಕಾದ ಬಾಕಿ ಎಷ್ಟಿದೆ, ಲೆಕ್ಕಪತ್ರ ನೋಡಿ ಹೇಳು. ಆಮೇಲೆ ಮಾತಾಡೋಣ."

ಅವನು ಫೋನು ತೆಗೆದು ಹುಡುಕತೊಡಗಿದ. ನಮ್ಮ ನಡುಮನೆಯಲ್ಲಿ ಸಿಗ್ನಲ್ ಸಿಗದು. ಮಹಡಿ ಮೆಟ್ಟಿಲು ಹತ್ತಿಹೋದ. ನಾನು ಕಾಫಿಗೆ ನೀರಿಟ್ಟೆ.