ಸೈಲೆನ್ಸರ್ ಮೇಲಿನ ಡಬ್ಬಿ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ಇದೆ. ಬೇವಿನ ಮರದ ಕೆಳಗೆ ನಿಂತ ಹಳದಿ ಚೈನ್ ಡೋಜರ್, ಹಿಂದೆ ಸಂಜೆ ಬಿಸಿಲು. ಪತ್ರಿಕೋದ್ಯಮ ಓದುವಾಗ ಕ್ಲಾಸಿಗೆಂದು ತೆಗೆದದ್ದು. ಒಳ್ಳೆ ಮಾರ್ಕ್ಸ್ ಬಂತು ಅಂತ ಅಪ್ಪ ಸಿಂಧನೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬಂದ.

ಆ ಫೋಟೋದಲ್ಲಿ ಒಂದು ವಸ್ತು ಇಲ್ಲ. ಸೈಲೆನ್ಸರ್ ಕೊಳವೆಯ ಬಾಯಿಗೆ ಅಪ್ಪ ಕವುಚಿಡುತ್ತಿದ್ದ ಹಾಲಿನ ಪುಡಿ ಡಬ್ಬಿ. ಫೋಟೋದಲ್ಲಿ ಚಂದ ಕಾಣುವುದಿಲ್ಲ ಅಂತ ತೆಗೆದಿಟ್ಟೆ. ತಿರುಗಿ ಮುಚ್ಚಲಿಲ್ಲ. ಮರುದಿನ ಬಸ್ಸು ಹತ್ತಿ ಹಾಸ್ಟೆಲ್‌ಗೆ ಹೋದೆ. ಆಮೇಲೆ ಮಳೆಗಾಲ ಬಂತು.

ಅದು ಬಿಇಎಂಎಲ್‌ನ ಡಿ-50. ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನದಿಂದ ನಮ್ಮ ಕೆಜಿಎಫ್‌ನಲ್ಲೇ ತಯಾರಾದ ಮಷಿನ್. ಅಪ್ಪ ಹರಾಜಿನಲ್ಲಿ ಹಿಡಿದದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದರೂ ಏರು-ತಗ್ಗಿನ ಎರೆ ಹೊಲದಲ್ಲಿ ಭತ್ತ ಆಗುವುದಿಲ್ಲ. ಏರಿದ್ದಲ್ಲಿ ಒಣಗುತ್ತದೆ, ತಗ್ಗಿನಲ್ಲಿ ಕೊಳೆಯುತ್ತದೆ. ಹೊಲ ಮಟ್ಟ ಮಾಡಬೇಕು. ನಮ್ಮ ಸುತ್ತಿನ ಎಷ್ಟೋ ಗದ್ದೆಗಳನ್ನು ಈ ಮಷಿನ್ ಮೇಲೆ ಕೂತು ಮಟ್ಟ ಮಾಡಿದವನು ಅಪ್ಪ. ಟ್ರ್ಯಾಕ್ಟರ್ ಹಿಂದೆ ಕಟ್ಟುವ ಲೇಸರ್ ಲೆವೆಲರ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಡೋಜರ್ ಬೇವಿನ ಮರದ ಕೆಳಗೇ ಉಳಿಯಿತು.

ಎರಡು ವರ್ಷದ ಮೇಲೆ ಕಾಕಾ ಒಬ್ಬರು ದೊಡ್ಡ ದಿಬ್ಬ ಕಡಿಯಬೇಕು ಅಂತ ಬಂದರು. ಅಪ್ಪ ಹೊಸ ಬ್ಯಾಟರಿ ಹಾಕಿ ಸ್ಟಾರ್ಟರ್ ಒತ್ತಿದ. ಟಕ್ ಅಂತ ಒಂದು ಸದ್ದು, ಅಷ್ಟೇ. ಫ್ಲೈವೀಲ್ ಹಲ್ಲಿಗೆ ಹಾರೆ ಕೊಟ್ಟು ಇಬ್ಬರು ಜಗ್ಗಿದೆವು. ಕೂದಲೆಳೆಯಷ್ಟೂ ಕದಲಲಿಲ್ಲ. ಎಂಜಿನ್ ಜಾಮ್.

ಊರಿನವರ ಸಲಹೆಗೆ ಬರ ಇಲ್ಲ. ಜೆಸಿಬಿ ಕಟ್ಟಿ ಎಳೆಸು ಅಂದರು. ಗುಜರಿಯವನಂತೂ ಮರುದಿನವೇ ಬಂದ. ಹತ್ತು ಟನ್ನಿಗೂ ಮೇಲಿನ ಕಬ್ಬಿಣ, ಕೇಜಿ ಲೆಕ್ಕದಲ್ಲಿ ತೂಗಿ ಕೊಡಿ ಅಂದ. ಅಪ್ಪ ಅವನಿಗೆ ಚಹಾ ಕುಡಿಸಿ ಕಳಿಸಿದ.

ಮೆಕ್ಯಾನಿಕ್ ಚಾಚಾ ಬಂದು ಮೊದಲು ಹೇಳಿದ್ದು, "ಎಳೆಸಬ್ಯಾಡ್ರಿ. ಪಿಸ್ಟನ್ ಹಿಡಕೊಂಡೈತಿ. ಜಬರದಸ್ತಿ ಮಾಡಿದ್ರ ಕನೆಕ್ಟಿಂಗ್ ರಾಡ್ ಬಾಗತೈತಿ." ನೊಜಲ್‌ಗಳನ್ನು ಬಿಚ್ಚಿ, ಡೀಸೆಲ್ ಮತ್ತು ಪವರ್ ಸ್ಟೀರಿಂಗ್ ಎಣ್ಣೆ ಬೆರೆಸಿ ನಾಲ್ಕೂ ಸಿಲಿಂಡರ್‌ಗೆ ಸುರಿದರು. ದಿನಾ ಹಾರೆ ಹಾಕಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ನಿಧಾನಕ್ಕೆ ಒತ್ತುವುದು. ನಿಮ್ಮ ಹೊಲದ ಹಳೆ ಪಂಪ್‌ಸೆಟ್ ಎಂಜಿನ್ ಜಾಮ್ ಆದರೂ ಇದೇ ದಾರಿ. ಬಹಳ ಸಲ ಇಷ್ಟಕ್ಕೇ ಬಿಡುತ್ತದೆ. ನಮ್ಮದು ಹತ್ತು ದಿನವಾದರೂ ಬಿಡಲಿಲ್ಲ.

ಹನ್ನೊಂದನೇ ದಿನ ಚೇಂಬರ್ ಬೋಲ್ಟ್ ಸಡಿಲಿಸಿದಾಗ ಮೊದಲು ಬಂದದ್ದು ಆಯಿಲ್ ಅಲ್ಲ, ನೀರು. ನೀರು ಭಾರ, ತಳದಲ್ಲಿ ಕೂತಿರುತ್ತದೆ. ಚಾಚಾ ಅಪ್ಪನ ಮುಖ ನೋಡಿದರು. ನಾನು ನೆಲ ನೋಡಿದೆ.

ಹೆಡ್ ಎತ್ತಿದಾಗ ಮೂರು ಸಿಲಿಂಡರ್ ಚೊಕ್ಕಟ ಇದ್ದವು. ಮೂರನೇ ನಂಬರಿನದು ಮಾತ್ರ ಕೆಂಪು ತುಕ್ಕು. ಒಂದೇ ಯಾಕೆ ಅಂತ ಕೇಳಿದೆ. ಚಾಚಾ ಬೆರಳು ಮಡಚಿ ವಿವರಿಸಿದರು. ನಾಲ್ಕು ಸಿಲಿಂಡರ್ ಎಂಜಿನ್ ಎಲ್ಲೇ ನಿಂತರೂ ಯಾವುದಾದರೂ ಒಂದರ ಹೊಗೆ ವಾಲ್ವ್ ತೆರೆದಿರುತ್ತದೆ. ಸೈಲೆನ್ಸರ್‌ನಿಂದ ಇಳಿದ ಮಳೆನೀರು ಆ ಬಾಗಿಲು ಹುಡುಕಿಕೊಂಡು ಒಳಗೆ ಹೋಗುತ್ತದೆ. ರಿಂಗು, ಲೈನರು ಎರಡೂ ತುಕ್ಕಿನಲ್ಲಿ ಬೆಸೆದುಕೊಳ್ಳುತ್ತವೆ. "ಮ್ಯಾಲ ಡಬ್ಬಿ ಇರಲಿಲ್ಲೇನು?" ಅಂತ ಕೇಳಿದರು. "ಗಾಳಿಗೆ ಬಿದ್ದಿರಬೇಕು" ಅಂದ ಅಪ್ಪ.

ನಾನು ಏನೂ ಹೇಳಲಿಲ್ಲ. ಆ ಒಂದು ವಾರ ನನಗೆ ಊಟ ರುಚಿಸಲಿಲ್ಲ ಅಂದರೆ ಸುಳ್ಳಾಗುತ್ತದೆ, ಚೆನ್ನಾಗೇ ಉಂಡೆ. ಆದರೆ ಪಡಸಾಲೆಯಲ್ಲಿ ಆ ಫೋಟೋಕ್ಕೆ ಬೆನ್ನು ಮಾಡಿ ಕೂಡುತ್ತಿದ್ದೆ. ಕ್ಯಾಮೆರಾ ಕೊಳ್ಳಲು ಕೂಡಿಸಿದ್ದ ದುಡ್ಡನ್ನು ಸ್ಪೇರಿಗೆ ಅಂತ ಕೊಟ್ಟೆ. ಮಗ ಕೊಟ್ಟ ಅಂತ ಅಪ್ಪ ಕಟ್ಟೆ ಮೇಲೆ ಹೇಳಿಕೊಂಡ. ಅದು ದಂಡ ಅಂತ ನನಗೊಬ್ಬನಿಗೇ ಗೊತ್ತಿತ್ತು ಅಂದುಕೊಂಡಿದ್ದೆ.

ಲೈನರ್ ಸಮೇತ ಪಿಸ್ಟನ್ ಎಳೆಯಲು ಒಂದು ಇಡೀ ದಿನ ಹಿಡಿಯಿತು. ಮೊದಲು ರಾಡ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಗುರುತು. ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದರೆ ಮತ್ತೆ ಜಾಮ್. ಹೊಸ ಲೈನರ್, ಪಿಸ್ಟನ್ ಹೊಸಪೇಟೆಯಲ್ಲಿ ಸಿಕ್ಕವು. ಗಣಿ ಮಷಿನ್‌ಗಳಿಂದಾಗಿ ಆ ಕಡೆ ಇಂಥ ಸಾಮಾನು ಇಟ್ಟವರು ಇದ್ದಾರೆ. ಹೊಸ ಪಿಸ್ಟನ್ನನ್ನು ಹಳೆಯದರ ಜೊತೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ತೂಕ ಹೆಚ್ಚುಕಡಿಮೆ ಆದರೆ ಎಂಜಿನ್ ನಡುಗುತ್ತದಂತೆ. ಸಕ್ಕರೆ ಕೊಳ್ಳಲು ಬಂದವರು ಸಾಲಾಗಿ ನಿಂತು ನೋಡಿದರು.

ನಾಲ್ಕಕ್ಕೂ ಹೊಸ ರಿಂಗ್. ಒಂದೊಂದು ರಿಂಗನ್ನೂ ಲೈನರ್ ಒಳಗಿಟ್ಟು ಬಾಯಿಯ ಸಂದು ಅಳೆದರು. ಸಂದು ಇಲ್ಲದಿದ್ದರೆ ಕಾದಾಗ ರಿಂಗ್ ಹಿಗ್ಗಿ ಲೈನರನ್ನು ಗೀರುತ್ತದೆ. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಅಂಗೈಯಲ್ಲಿ ಕೋಲು ತಿರುಗಿಸಿ ಉಜ್ಜುವ ಕೆಲಸ ನನ್ನದು. ಬೊಬ್ಬೆ ಬಂದವು. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಸುತ್ತುಸುತ್ತಾಗಿ ಬಿಗಿದರು. ಫ್ಯೂಯಲ್ ಪಂಪ್ ಬಿಚ್ಚಿದಾಗ ಹಳೆ ಡೀಸೆಲ್ ಅಂಟಿನಂತಾಗಿ ಒಳಗಿನ ರ್‍ಯಾಕ್ ಹಿಡಿದುಕೊಂಡಿತ್ತು. ಅದನ್ನು ನೋಡದೆ ಚಾಲೂ ಮಾಡಿದ್ದರೆ ಎಂಜಿನ್ ಓಟ ಹೊಡೆಯುತ್ತಿತ್ತು, ಆಫ್ ಮಾಡಿದರೂ ನಿಲ್ಲುತ್ತಿರಲಿಲ್ಲ.

ಹಿಂದಿನ ರಾತ್ರಿ ಅಂಗಳದಲ್ಲಿ ಮಲಗಿದ್ದಾಗ ಹೇಳಿಬಿಟ್ಟೆ.

"ಅಪ್ಪಾ, ಆ ಡಬ್ಬಿ ನಾನ ತಗದಿದ್ದೆ."

ಅಪ್ಪ ಮಗ್ಗುಲು ಬದಲಿಸಿದ. "ಫೋಟೋದಾಗ ಕಾಣ್ತೈತಲ್ಲೋ ತಮ್ಮಾ. ಹೆಡ್ ಬಿಚ್ಚಿದ ದಿನಾನ ನೋಡೀನಿ."

"ಮತ್ತ ಗಾಳಿಗೆ ಬಿತ್ತು ಅಂದಿ?"

"ಚಾಚಾನ ಮುಂದ ಮತ್ತೇನ್ ಅನ್ಲಿ? ಮಕ್ಕೋ."

ಬೆಳಿಗ್ಗೆ ನೊಜಲ್ ಹಾಕುವ ಮುನ್ನ ಸ್ಟಾರ್ಟರ್ ಒತ್ತಿ, ಆಯಿಲ್ ಮೀಟರ್ ಮುಳ್ಳು ಏಳುವ ತನಕ ಎಂಜಿನ್ ತಿರುಗಿಸಿದರು. ಆಮೇಲೆ ನೊಜಲ್ ಕೂರಿಸಿ ಪೈಪಿನ ಗಾಳಿ ತೆಗೆದರು. ನನ್ನ ಕೈಗೆ ಒಂದು ಹಲಗೆ ಕೊಟ್ಟು ಗಾಳಿ ಎಳೆಯುವ ಬಾಯಿಯ ಹತ್ತಿರ ನಿಲ್ಲಿಸಿದರು. ಓಟ ಹೊಡೆದರೆ ತಟ್ಟನೆ ಮುಚ್ಚಬೇಕು, ಕೈ ಮಾತ್ರ ಇಡಬಾರದು. ಮೂರನೇ ಸಲಕ್ಕೆ ಬಿಳಿ ಹೊಗೆ, ಆಮೇಲೆ ಕರಿ ಹೊಗೆ, ಆಮೇಲೆ ಆ ಸದ್ದು. ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಹಲಗೆ ಬೇಕಾಗಲಿಲ್ಲ. ಅಪ್ಪ ಸೀಟಿನ ಮೇಲೆ ಕೂತವನು ಬಹಳ ಹೊತ್ತು ಗೇರ್ ಹಾಕಲೇ ಇಲ್ಲ, ಸುಮ್ಮನೆ ಕೇಳುತ್ತ ಕೂತ.

ಸಂಜೆ ಕಾಕಾನ ಹೊಲದಿಂದ ಬಂದು ಮಷಿನ್ ನಿಲ್ಲಿಸಿ ಇಳಿದ. ಒಳಗಿಂದ ಹೊಸ ಡಬ್ಬಿ ತಂದು ನನ್ನ ಕೈಗಿಟ್ಟು ಕಾಲು ತೊಳೆಯಲು ಹೋದ. ನಾನು ಚೈನ್ ಮೇಲೆ ಕಾಲಿಟ್ಟು ಹತ್ತಿದೆ. ಸೈಲೆನ್ಸರ್ ಇನ್ನೂ ಸುಡುತ್ತಿತ್ತು. ಡಬ್ಬಿ ಹಿಡಿದುಕೊಂಡು, ಅದು ಆರುವ ತನಕ ಬಾನೆಟ್ ಮೇಲೆ ಕೂತೆ.